ಚೈನ್ ಸಾ ಸ್ಟಾರ್ಟ್ ಆಗ್ತಿಲ್ವಾ? ಹಗ್ಗ ಬಿಡಿ, ಮೊದಲು ಪ್ಲಗ್ ಬಿಚ್ಚಿ ನೋಡಿ

ಮರಗಸಿ, ಅಂದರೆ ತೋಟದ ನೆರಳು ಮರಗಳ ಕೊಂಬೆ ಕಡಿಯುವ ಕೆಲಸ ಶುರುವಾಗುವ ಹೊತ್ತಿಗೆ, ಇಲ್ಲವೇ ಮೊದಲ ಗಾಳಿಮಳೆಗೆ ತೋಟದ ದಾರಿಯಲ್ಲಿ ಮರ ಅಡ್ಡ ಬಿದ್ದ ದಿನ, ಈ ಪ್ರಶ್ನೆ ಬಂದೇ ಬರುತ್ತದೆ. "ಹೋದ ವರ್ಷ ಚೆನ್ನಾಗಿ ಓಡ್ತಿತ್ತು, ಈಗ ಎಷ್ಟು ಎಳೆದರೂ ಸ್ಟಾರ್ಟ್ ಆಗ್ತಿಲ್ಲ." ಏನೇನು ಮಾಡಿದಿರಿ ಅಂತ ಕೇಳಿದರೆ ಉತ್ತರವೂ ಒಂದೇ. ಬೆವರು ಇಳಿಯುವ ತನಕ ಹಗ್ಗ ಎಳೆದಿರುತ್ತಾರೆ. ಆಮೇಲೆ ಸ್ಕ್ರೂಡ್ರೈವರ್ ತಗೊಂಡು ಕಾರ್ಬೋರೇಟರ್‌ನ ಸ್ಕ್ರೂಗಳನ್ನು ಅತ್ತ ಇತ್ತ ತಿರುಗಿಸಿರುತ್ತಾರೆ. ಮೊದಲು ಇದ್ದ ತೊಂದರೆ ಒಂದು, ಈಗ ಎರಡಾಯಿತು.

ಇಂಜಿನ್ ಓಡಲು ಬೇಕಾಗಿರುವುದು ನಾಲ್ಕೇ: ಒಳ್ಳೆ ಪೆಟ್ರೋಲ್, ಗಾಳಿ, ಪ್ಲಗ್‌ನಲ್ಲಿ ಕರೆಂಟ್, ಕಂಪ್ರೆಷನ್ (ಪಿಸ್ಟನ್ ಮೇಲೆ ಬಂದಾಗ ಸಿಲಿಂಡರಿನಲ್ಲಿ ಆಗುವ ಒತ್ತಡ). ಇವುಗಳಲ್ಲಿ ಯಾವುದು ಇಲ್ಲ ಅಂತ ಪತ್ತೆ ಮಾಡುವುದು ಮೊದಲ ಕೆಲಸ, ರಿಪೇರಿ ಆಮೇಲೆ. ಆದ್ದರಿಂದ ಕೆಳಗಿನ ಹಂತಗಳನ್ನು ಇರುವ ಕ್ರಮದಲ್ಲೇ ಮಾಡಿ. ಸುಲಭದ್ದು, ಖರ್ಚಿಲ್ಲದ್ದು ಮೊದಲು ಬರುತ್ತದೆ. ಕಾರ್ಬೋರೇಟರ್ ಕೊನೆಗೆ ಬರುತ್ತದೆ, ಅದಕ್ಕೆ ಕಾರಣ ಇದೆ.

ಸ್ಟಿಲ್ ಆಗಲಿ, ಹಸ್ಕ್‌ವರ್ನಾ ಆಗಲಿ, ಆನ್‌ಲೈನ್‌ನಲ್ಲಿ ತರಿಸಿದ 58 ಸಿಸಿ ಚೈನಾ ಮಿಷನ್ ಆಗಲಿ, ಒಳಗಿನ ಲೆಕ್ಕ ಒಂದೇ. ಟು-ಸ್ಟ್ರೋಕ್ ಕಳೆ ಹೊಡೆಯುವ ಮಿಷನ್‌ಗೂ ಇದರಲ್ಲಿ ಮುಕ್ಕಾಲು ಪಾಲು ಹೊಂದುತ್ತದೆ.

## ಏನೇನು ಬೇಕು

ಮಿಷನ್ ಜೊತೆ ಬಂದ ಪ್ಲಗ್ ಸ್ಪ್ಯಾನರ್ (ಹೆಚ್ಚಿನ ಮಿಷನ್‌ಗೆ 19 ಎಂಎಂ, ಕೆಲವಕ್ಕೆ 16), ಸ್ಕ್ರೂಡ್ರೈವರ್, ಹಳೆ ಟೂತ್ ಬ್ರಷ್, ಸಣ್ಣ ವೈರ್ ಬ್ರಷ್, ಒಣ ಹತ್ತಿ ಬಟ್ಟೆ, ತುದಿ ಬಗ್ಗಿಸಿದ ತಂತಿ, ಖಾಲಿ ಗಾಜಿನ ಬಾಟಲಿ, 20 ಎಂಎಲ್ ಸಿರಿಂಜ್. ಇಷ್ಟು ಸಾಕು. ಇದರ ಜೊತೆಗೆ ಒಂದು ಹೊಸ ಪ್ಲಗ್ ಮನೆಯಲ್ಲಿರಲಿ. ಹಳೆ ಪ್ಲಗ್ ಬಗ್ಗೆ ಅನುಮಾನ ಬಂದಾಗ ಹೊಸದು ಹಾಕಿ ನೋಡುವುದಕ್ಕಿಂತ ಬೇಗ ಮುಗಿಯುವ ಪರೀಕ್ಷೆ ಇಲ್ಲ. ನಂಬರ್ ಮಾತ್ರ ನಿಮ್ಮ ಮಿಷನ್‌ದೇ ಆಗಿರಬೇಕು. ಬೈಕ್ ಪ್ಲಗ್ ತಂದು ಕೂರಿಸಲು ಹೋಗಬೇಡಿ, ಉದ್ದ ಜಾಸ್ತಿ ಇದ್ದರೆ ಪಿಸ್ಟನ್ನಿಗೆ ಬಡಿಯುತ್ತದೆ.

## 1. ಶುರು ಮಾಡುವ ಮುಂಚೆ

ಸ್ವಿಚ್ ಆಫ್ ಮಾಡಿ. ಬ್ಲೇಡಿಗೆ ಕವರ್ ಹಾಕಿ. ಚೈನ್ ನಿಂತಿದ್ದರೂ ಕೈ ಕೊಯ್ಯುತ್ತದೆ, ಹಾಗಾಗಿ ಗ್ಲೌಸ್ ಇರಲಿ. ಮಿಷನ್ ಬಿಸಿ ಇದ್ದರೆ ಆರಲು ಬಿಡಿ, ಬಿಸಿ ಸೈಲೆನ್ಸರ್ ಪಕ್ಕದಲ್ಲಿ ಪೆಟ್ರೋಲ್ ಮುಚ್ಚಳ ತೆಗೆಯಬಾರದು.

ಗಾಳಿ ಆಡುವ ಜಾಗದಲ್ಲಿ ಕೂರಿ. ಪಕ್ಕದಲ್ಲಿ ನಿಂತು ಸಲಹೆ ಕೊಡುವವರ ಕೈಯಲ್ಲಿ ಬೀಡಿ ಇದ್ದರೆ ಮೊದಲು ಅವರನ್ನು ಆಚೆ ಕಳಿಸಿ.

## 2. ಸ್ಟಾರ್ಟ್ ಮಾಡುವ ಕ್ರಮವೇ ತಪ್ಪಿರಬಹುದು

"ಕೆಟ್ಟಿದೆ" ಅಂತ ಅಂಗಡಿಗೆ ಹೋಗುವ ಎಷ್ಟೋ ಮಿಷನ್‌ಗಳಲ್ಲಿ ಏನೂ ಕೆಟ್ಟಿರುವುದಿಲ್ಲ. ಚೋಕ್ (ಗಾಳಿ ತಡೆದು ಪೆಟ್ರೋಲ್ ಜಾಸ್ತಿ ಹೋಗುವಂತೆ ಮಾಡುವ ಲಿವರ್) ಹಾಕಿ ಎಳೆದೂ ಎಳೆದೂ ಪೆಟ್ರೋಲ್ ಓವರ್‌ಫ್ಲೋ ಆಗಿರುತ್ತದೆ, ಅಷ್ಟೇ.

ತಣ್ಣಗಿರುವ ಮಿಷನ್‌ಗೆ ಸರಿಯಾದ ಕ್ರಮ ಹೀಗೆ. ಸ್ವಿಚ್ ಆನ್. ಪ್ರೈಮರ್ ಬಲ್ಬ್, ಅಂದರೆ ಆ ಮೆತ್ತನೆಯ ಗುಳ್ಳೆ ಇದ್ದರೆ ಅದರೊಳಗೆ ಪೆಟ್ರೋಲ್ ಕಾಣುವ ತನಕ ಒತ್ತಿ. ಚೈನ್ ಬ್ರೇಕ್ ಹಾಕಿ, ಅಂದರೆ ಮುಂದಿನ ಹ್ಯಾಂಡಲ್ ಎದುರಿಗಿರುವ ಗಾರ್ಡನ್ನು ಬ್ಲೇಡ್ ಕಡೆಗೆ ತಳ್ಳಿ. ಬ್ರೇಕ್ ಹಾಕಿದರೆ ಇಂಜಿನ್ ಸ್ಟಾರ್ಟ್ ಆಗಲ್ಲ ಅಂತ ಕೆಲವರು ತಿಳಿದಿದ್ದಾರೆ, ಅದು ಸುಳ್ಳು. ಬ್ರೇಕ್ ಹಿಡಿಯುವುದು ಚೈನನ್ನು, ಇಂಜಿನ್ನನ್ನಲ್ಲ. ಆಮೇಲೆ ಫುಲ್ ಚೋಕ್.

ಮಿಷನ್ನನ್ನು ನೆಲದ ಮೇಲೆ ಇಡಿ. ಬ್ಲೇಡ್ ಏನಕ್ಕೂ ತಾಗಬಾರದು. ಎಡಗೈ ಮುಂದಿನ ಹ್ಯಾಂಡಲ್ ಮೇಲೆ, ಬಲಗಾಲಿನ ಶೂ ತುದಿ ಹಿಂದಿನ ಹ್ಯಾಂಡಲ್ ಒಳಗೆ. ಹಗ್ಗವನ್ನು ಮೊದಲು ಮೆಲ್ಲಗೆ ಎಳೆಯಿರಿ. ಒಂದು ಕಡೆ ಬಿಗಿ ಸಿಗುತ್ತದೆ. ಅಲ್ಲಿಂದ ಜೋರಾಗಿ ಎಳೆಯಿರಿ. ಪೂರ್ತಿ ಉದ್ದಕ್ಕೆ ಎಳೆಯಬೇಡಿ, ಬಿಡುವಾಗಲೂ ಪಟ್ಟಂತ ಬಿಡದೆ ಕೈಯಲ್ಲೇ ಒಳಕ್ಕೆ ಕಳಿಸಿ. ಒಂದು ಕೈಯಲ್ಲಿ ಮಿಷನ್ ಎತ್ತಿ ಕೆಳಕ್ಕೆ ಎಸೆದ ಹಾಗೆ ಮಾಡಿ ಇನ್ನೊಂದು ಕೈಯಲ್ಲಿ ಹಗ್ಗ ಎಳೆಯುವ ಸ್ಟೈಲ್ ಇದೆಯಲ್ಲ, ಅದನ್ನು ಮೊಬೈಲ್‌ನಲ್ಲಿ ನೋಡಿ ಕಲಿತಿದ್ದರೆ ಮರೆತುಬಿಡಿ. ತೊಡೆ ಹತ್ತಿರ ಚೈನ್ ತಿರುಗಿದರೆ ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ.

ಈಗ ಮುಖ್ಯವಾದದ್ದು. ಎರಡು, ಮೂರು, ಹೆಚ್ಚೆಂದರೆ ಐದು ಸಲ ಎಳೆಯುವಷ್ಟರಲ್ಲಿ ಇಂಜಿನ್ ಒಮ್ಮೆ "ಭುಸ್" ಅಂತ ಕೆಮ್ಮಿ ನಿಲ್ಲುತ್ತದೆ. ಆ ಸದ್ದು ಕೇಳಿದ ಕೂಡಲೇ ಚೋಕ್ ತೆಗೆಯಬೇಕು, ಅಂದರೆ ಲಿವರ್ ಹಾಫ್‌ಗೆ ಬರಬೇಕು. ನೂರಕ್ಕೆ ಎಷ್ಟು ಜನ ಇಲ್ಲಿ ಎಡವುತ್ತಾರೋ ಲೆಕ್ಕವಿಲ್ಲ. ಆ ಸದ್ದು ಸಣ್ಣದು, ಪಕ್ಕದಲ್ಲಿ ಯಾರಾದರೂ ಮಾತಾಡುತ್ತಿದ್ದರೆ ಕೇಳಿಸುವುದೇ ಇಲ್ಲ. ಕೇಳಿಸಿದರೂ "ಇನ್ನೇನು ಬಂತು" ಅಂತ ಅದೇ ಚೋಕ್‌ನಲ್ಲಿ ಇನ್ನೂ ಹತ್ತು ಸಲ ಎಳೆಯುತ್ತಾರೆ. ಅಷ್ಟರಲ್ಲಿ ಪ್ಲಗ್ ನೆನೆದು ಹೋಗಿರುತ್ತದೆ.

ಸ್ಟಾರ್ಟ್ ಆದ ಮೇಲೆ ಆಕ್ಸಿಲರೇಟರ್ ಒಮ್ಮೆ ಒತ್ತಿ ಬಿಡಿ, ಲಿವರ್ ತಾನಾಗಿ ಮಾಮೂಲಿ ಜಾಗಕ್ಕೆ ಬರುತ್ತದೆ. ಬ್ರೇಕ್ ಹಾಕಿಕೊಂಡೇ ರೇಸ್ ಕೊಡಬೇಡಿ, ಕ್ಲಚ್ ಸುಡುತ್ತದೆ.

## 3. ಟ್ಯಾಂಕಿನಲ್ಲಿ ಇರುವುದು ಏನು?

ಮೊದಲಿಗೆ, ಪೆಟ್ರೋಲ್ ಟ್ಯಾಂಕಿಗೇ ಪೆಟ್ರೋಲ್ ಹಾಕಿದ್ದೀರಾ ನೋಡಿ. ತಮಾಷೆಗೆ ಹೇಳುತ್ತಿಲ್ಲ. ಎರಡು ಮುಚ್ಚಳಗಳೂ ಒಂದೇ ಥರ ಇರುತ್ತವೆ. ಸಾಮಾನ್ಯವಾಗಿ ಬ್ಲೇಡ್ ಹತ್ತಿರದ್ದು ಚೈನ್ ಆಯಿಲ್‌ಗೆ, ಹಿಂದಿನ ಹ್ಯಾಂಡಲ್ ಕಡೆಯದು ಪೆಟ್ರೋಲಿಗೆ. ಹೊಸಬರಿಗೆ ಕೆಲಸ ಕೊಟ್ಟ ದಿನ ಇದು ಅದಲು ಬದಲಾಗುವುದು ಮಾಮೂಲು.

ಎರಡನೆಯದು, ಪೆಟ್ರೋಲಿಗೆ ವಯಸ್ಸಾಗಿದೆಯಾ? ಆಯಿಲ್ ಬೆರೆಸಿದ ಪೆಟ್ರೋಲ್ ಒಂದು ತಿಂಗಳೊಳಗೆ ಖಾಲಿಯಾಗಬೇಕು. ಈಗ ಬಂಕ್‌ಗಳಲ್ಲಿ ಸಿಗುವುದು ಇ20, ಅಂದರೆ ನೂರು ಲೀಟರಿನಲ್ಲಿ 20 ಲೀಟರ್ ತನಕ ಎಥನಾಲ್. ಎಷ್ಟೋ ಮಿಷನ್‌ಗಳ ಮ್ಯಾನುಯಲ್‌ನಲ್ಲಿ ಎಥನಾಲ್ 10 ಪರ್ಸೆಂಟ್ ಮೀರಬಾರದು ಅಂತ ಬರೆದಿರುತ್ತದೆ. ಬಂಕ್‌ನಲ್ಲಿ ಇರುವುದನ್ನೇ ನಾವು ಹಾಕಬೇಕು, ಬೇರೆ ದಾರಿ ಕಮ್ಮಿ. ಆದರೆ ಅದನ್ನು ಹಾಕಿ ತಿಂಗಳುಗಟ್ಟಲೆ ಬಿಟ್ಟುಬಿಡುವುದು ಬೇರೆ ಮಾತು. ಎಥನಾಲ್ ಗಾಳಿಯಲ್ಲಿರುವ ತೇವವನ್ನು ಎಳೆದುಕೊಳ್ಳುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ತೇವಕ್ಕೇನು ಬರ, ಅಲ್ವಾ? ನೀರು ಒಂದು ಮಿತಿ ದಾಟಿದರೆ ಎಥನಾಲ್ ಮತ್ತು ನೀರು ಸೇರಿಕೊಂಡು ತಳಕ್ಕೆ ಇಳಿಯುತ್ತವೆ. ಪೆಟ್ರೋಲ್ ಮತ್ತು ಅದರ ಜೊತೆಗಿದ್ದ ಆಯಿಲ್ ಮೇಲೆ ಉಳಿಯುತ್ತವೆ. ಇಂಜಿನ್ನಿಗೆ ಪೆಟ್ರೋಲ್ ಹೀರುವ ಫಿಲ್ಟರ್ ಇರುವುದು ಟ್ಯಾಂಕಿನ ತಳದಲ್ಲಿ. ಅಂದರೆ ಇಂಜಿನ್ನಿಗೆ ಹೋಗುವುದು ಆಯಿಲ್ ಇಲ್ಲದ ನೀರು ಮಿಶ್ರಣ. ಸ್ಟಾರ್ಟ್ ಆಗದಿದ್ದರೆ ಅದು ನಿಮ್ಮ ಪುಣ್ಯ. ಸ್ಟಾರ್ಟ್ ಆಗಿ ಓಡಿದರೆ ಪಿಸ್ಟನ್ ಸೀಜ್ ಆಗುತ್ತದೆ, ಅಂದರೆ ಸಿಲಿಂಡರಿನೊಳಗೆ ಹಿಡಿದುಕೊಂಡುಬಿಡುತ್ತದೆ.

ಪರೀಕ್ಷೆ ಸುಲಭ. ಟ್ಯಾಂಕಿನಲ್ಲಿರುವುದನ್ನು ಗಾಜಿನ ಬಾಟಲಿಗೆ ಸುರಿದು ಅಲುಗಾಡಿಸದೆ ಹತ್ತು ನಿಮಿಷ ಇಡಿ. ಎರಡು ಪದರ ಕಂಡರೆ, ತಳದಲ್ಲಿ ಗುಳ್ಳೆಗಳ ಹಾಗೆ ನೀರು ಉರುಳಾಡಿದರೆ, ಮಬ್ಬಾಗಿದ್ದರೆ, ಅಥವಾ ಪೆಟ್ರೋಲ್ ವಾಸನೆ ಹೋಗಿ ವಾರ್ನಿಶ್ ವಾಸನೆ ಬಂದರೆ ಅದು ಮುಗಿಯಿತು. ಹೊಸದನ್ನು ಅದಕ್ಕೆ ಬೆರೆಸಿ ಉಳಿಸಲು ಹೋಗಬೇಡಿ. ಚರಂಡಿಗೋ ತೋಟಕ್ಕೋ ಸುರಿಯಲೂ ಬೇಡಿ. ಡಬ್ಬಿಯಲ್ಲಿ ಹಾಕಿ ಗುರುತು ಮಾಡಿ, ಹಳೆ ಆಯಿಲ್ ತೆಗೆದುಕೊಳ್ಳುವ ಗ್ಯಾರೇಜಿನಲ್ಲಿ ಕೇಳಿ ನೋಡಿ.

ಹೊಸದಾಗಿ ಬೆರೆಸುವಾಗ: ಕಂಪನಿ ಹೇಳಿದ ಒಳ್ಳೆ ಟು-ಟಿ (ಟು-ಸ್ಟ್ರೋಕ್ ಇಂಜಿನ್) ಆಯಿಲ್ ಆದರೆ 50ಕ್ಕೆ 1, ಅಂದರೆ ಒಂದು ಲೀಟರಿಗೆ 20 ಎಂಎಲ್, ಸರಿಯಾಗಿ ಒಂದು ಸಿರಿಂಜ್. ಸಾಮಾನ್ಯ ಟು-ಟಿ ಆಯಿಲ್ ಆದರೆ 25ಕ್ಕೆ 1, ಅಂದರೆ ಎರಡು ಸಿರಿಂಜ್. ಮ್ಯಾನುಯಲ್ ಬೇರೆ ಹೇಳಿದ್ದರೆ ಅದನ್ನೇ ಕೇಳಿ. ಬಾಟಲಿ ಮುಚ್ಚಳದ ಅಳತೆ, ಕಣ್ಣಳತೆ ಎರಡೂ ಬೇಡ. ಬೆರೆಸುವುದು ಕ್ಯಾನಿನಲ್ಲಿ, ಟ್ಯಾಂಕಿನಲ್ಲಲ್ಲ. ಬೈಕಿಗೆ ಹಾಕುವ ಫೋರ್-ಸ್ಟ್ರೋಕ್ ಇಂಜಿನ್ ಆಯಿಲ್ ಇದಕ್ಕೆ ಆಗುವುದಿಲ್ಲ. ಮತ್ತೆ, ಬೆರೆಸಿದ ಕ್ಯಾನಿನ ಮೇಲೆ ತಾರೀಖು ಬರೆಯಿರಿ. ಒಂದೇ ಥರದ ಎರಡು ಕ್ಯಾನಿದ್ದು ಒಂದರಲ್ಲಿ ಬರೀ ಪೆಟ್ರೋಲ್ ಇದ್ದರೆ ಯಾವತ್ತಾದರೂ ಒಂದು ದಿನ ಅದೇ ಮಿಷನ್ನಿಗೆ ಹೋಗುತ್ತದೆ.

## 4. ಪ್ಲಗ್ ಬಿಚ್ಚಿ: ಒದ್ದೆಯೋ, ಒಣಗಿದೆಯೋ?

ಇಡೀ ಲೇಖನದಲ್ಲಿ ಒಂದೇ ಹಂತ ನೆನಪಿಡುವುದಾದರೆ ಇದನ್ನು ನೆನಪಿಡಿ. ಚೋಕ್ ಹಾಕಿ ಐದಾರು ಸಲ ಎಳೆದ ಮೇಲೆ ಪ್ಲಗ್ ಬಿಚ್ಚಿದರೆ ಯಾವ ಕಡೆ ಹೋಗಬೇಕು ಅಂತ ಅದೇ ಹೇಳುತ್ತದೆ.

ಪ್ಲಗ್ ಒದ್ದೆಯಾಗಿದೆ, ಪೆಟ್ರೋಲ್ ವಾಸನೆ ಇದೆ: ಪೆಟ್ರೋಲ್ ಬರುತ್ತಿದೆ, ಉರಿಯುತ್ತಿಲ್ಲ. ಹಂತ 5 ಮತ್ತು 6ಕ್ಕೆ ಹೋಗಿ.

ಪ್ಲಗ್ ಒಣಗಿದೆ: ಪೆಟ್ರೋಲ್ ಮೇಲಕ್ಕೆ ಬರುತ್ತಲೇ ಇಲ್ಲ. ಖಚಿತ ಮಾಡಿಕೊಳ್ಳಲು ಸಿರಿಂಜ್‌ನಲ್ಲಿ 1 ಎಂಎಲ್‌ನಷ್ಟು ಆಯಿಲ್ ಬೆರೆಸಿದ ಪೆಟ್ರೋಲನ್ನು ಪ್ಲಗ್ ತೂತಿಗೆ ಬಿಡಿ. ಹೊರಗೆ ಚೆಲ್ಲಿದ್ದನ್ನು ಒರೆಸಿ, ಪ್ಲಗ್ ಹಾಕಿ, ಚೋಕ್ ಇಲ್ಲದೆ ಎಳೆಯಿರಿ. ಎರಡು ಕ್ಷಣ ಓಡಿ ನಿಂತರೆ ಕರೆಂಟೂ ಇದೆ, ಕಂಪ್ರೆಷನ್ನೂ ಇದೆ, ತೊಂದರೆ ಪೆಟ್ರೋಲ್ ದಾರಿಯಲ್ಲಿ. ಸೀದಾ ಹಂತ 7ಕ್ಕೆ ಹೋಗಿ. ಹೀಗೆ ಮಾಡಿದರೂ ಉಸಿರಿಲ್ಲ ಅಂದರೆ ಹಂತ 6.

ಕೈಯಲ್ಲಿ ಹಿಡಿದ ಪ್ಲಗ್‌ನ ಬಣ್ಣವನ್ನೂ ನೋಡಿ. ತಿಳಿ ಕಂದು ಅಥವಾ ಬೂದು ಇದ್ದರೆ ಇಂಜಿನ್ ಆರೋಗ್ಯವಾಗಿದೆ. ಒಣ ಕರಿ ಮಸಿ ಇದ್ದರೆ ಏರ್ ಫಿಲ್ಟರ್ ಕಟ್ಟಿದೆ ಅಥವಾ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ. ಅಂಟಂಟಾದ ಕಪ್ಪು ಇದ್ದರೆ ಆಯಿಲ್ ಜಾಸ್ತಿ. ಬಿಳಿಚಿಕೊಂಡಿದ್ದರೆ ಪೆಟ್ರೋಲ್ ಸಾಲದೆ ಬಿಸಿಯಾಗಿ ಓಡಿದೆ, ಇದು ಎಚ್ಚರಿಕೆ. ತುದಿಯಲ್ಲಿ ಸಣ್ಣ ಸಣ್ಣ ಲೋಹದ ಚುಕ್ಕಿ ಕಂಡರೆ ಮಿಷನ್ನನ್ನು ಮತ್ತೆ ಎಳೆಯಲೇಬೇಡಿ. ಅದು ಪಿಸ್ಟನ್ ಕರಗಿ ಬಂದ ಅಲ್ಯೂಮಿನಿಯಂ ಆಗಿರಬಹುದು.

## 5. ಒದ್ದೆ ಇದ್ದರೆ ಮೊದಲು ಒಣಗಿಸಿ

ಸ್ವಿಚ್ ಆಫ್. ಪ್ಲಗ್ ಹೊರಗೇ ಇರಲಿ, ಅದರ ಕ್ಯಾಪನ್ನು ತೂತಿನಿಂದ ದೂರ ಸರಿಸಿ. ಚೋಕ್ ಪೂರ್ತಿ ತೆಗೆಯಿರಿ. ಪ್ಲಗ್ ತೂತು ಕೆಳಗೆ ಬರುವ ಹಾಗೆ ಮಿಷನ್ ಬಗ್ಗಿಸಿ ಒಳಗಿನ ಪೆಟ್ರೋಲ್ ಇಳಿಯಲು ಬಿಡಿ. ಆಮೇಲೆ ನೇರ ಇಟ್ಟು, ತೂತಿನ ಮೇಲೆ ಬಟ್ಟೆ ಹಾಕಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಎಂಟು ಹತ್ತು ಸಲ ಎಳೆಯಿರಿ. ಮುಖ ತೂತಿನ ಎದುರು ಇಡಬೇಡಿ, ಪೆಟ್ರೋಲ್ ಕಣ್ಣಿಗೆ ಹಾರುತ್ತದೆ.

ಪ್ಲಗ್ಗನ್ನು ಒರೆಸಿ, ಬ್ರಷ್ ಮಾಡಿ, ಸ್ವಲ್ಪ ಹೊತ್ತು ಬಿಸಿಲಿಗಿಡಿ. ಬೆಂಕಿಕಡ್ಡಿಯಿಂದಲೋ ಗ್ಯಾಸ್ ಒಲೆಯಲ್ಲೋ ಕಾಯಿಸುವ ಅಭ್ಯಾಸ ಕೆಲವರಿಗಿದೆ. ಪಕ್ಕದಲ್ಲೇ ಪೆಟ್ರೋಲ್ ತೆರೆದಿಟ್ಟು ಅದನ್ನು ಮಾಡುವುದು ಬೇಡ. ತುದಿಯ ಗ್ಯಾಪ್ 0.5 ಎಂಎಂ ಇರಬೇಕು, ಹ್ಯಾಕ್ಸಾ ಬ್ಲೇಡಿನ ದಪ್ಪಕ್ಕಿಂತ ಒಂದು ಕೂದಲೆಳೆ ಕಮ್ಮಿ.

ಮತ್ತೆ ಹಾಕಿ, ಚೋಕ್ ಇಲ್ಲದೆ, ಹಾಫ್ ಲಿವರಿನಲ್ಲಿ ಎಳೆಯಿರಿ. ಓವರ್‌ಫ್ಲೋ ಒಂದೇ ತೊಂದರೆಯಾಗಿದ್ದರೆ ಹೊಗೆ ಕಾರಿಕೊಂಡು ಸ್ಟಾರ್ಟ್ ಆಗುತ್ತದೆ. ಚೋಕ್ ಹಾಕದೆಯೂ ಮತ್ತೆ ಮತ್ತೆ ಒದ್ದೆಯಾಗುತ್ತಿದ್ದರೆ ಕಾರ್ಬೋರೇಟರ್ ಒಳಗಿನ ಸೂಜಿ ಸರಿಯಾಗಿ ಮುಚ್ಚುತ್ತಿಲ್ಲ ಅಂತ ಅನುಮಾನಿಸಿ. ಅದು ಹಂತ 10ರ ಕೆಲಸ.

## 6. ಕರೆಂಟ್ ಬರ್ತಿದೆಯಾ?

ಮೊದಲು ಸುತ್ತಮುತ್ತ ಚೆಲ್ಲಿದ ಪೆಟ್ರೋಲ್ ಒರೆಸಿ, ಕ್ಯಾನ್ ದೂರ ಇಡಿ, ಒದ್ದೆ ಬಟ್ಟೆಯನ್ನೂ ಕೂಡ. ಸಿಲಿಂಡರ್ ಒಳಗಿನ ಆವಿ ಹೋಗಲು ಸ್ವಲ್ಪ ಸಮಯ ಕೊಡಿ. ಈಗ ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ, ಅದರ ಮರೆಯನ್ನು (ಥ್ರೆಡ್) ಸಿಲಿಂಡರಿನ ಲೋಹಕ್ಕೆ ತಾಗಿಸಿ ಹಿಡಿಯಿರಿ. ಪ್ಲಗ್ ತೂತಿನಿಂದ ಆದಷ್ಟು ದೂರ ಇರಬೇಕು. ಪ್ಲಾಸ್ಟಿಕ್ ಹಿಡಿಯ ಇಕ್ಕಳದಲ್ಲಿ ಹಿಡಿದರೆ ಶಾಕ್ ಹೊಡೆಯುವುದಿಲ್ಲ. ಸ್ವಿಚ್ ಆನ್ ಮಾಡಿ, ನೆರಳಿನಲ್ಲಿ, ಇನ್ನೊಬ್ಬರಿಗೆ ಹಗ್ಗ ಎಳೆಯಲು ಹೇಳಿ. ಬಿಸಿಲಿನಲ್ಲಿ ಕಿಡಿ ಕಾಣುವುದೇ ಇಲ್ಲ, "ಕರೆಂಟ್ ಇಲ್ಲ" ಅಂತ ಸುಮ್ನೆ ಕಾಯಿಲ್ (ಪ್ಲಗ್ಗಿಗೆ ಕರೆಂಟ್ ಕೊಡುವ ಭಾಗ) ಬದಲಾಯಿಸಿದವರಿದ್ದಾರೆ.

ನೀಲಿ ಕಿಡಿ ಟಪಟಪ ಅಂತ ಬಂದರೆ ಸರಿ ಇದೆ. ಮಂಕಾದ ಹಳದಿ ಕಿಡಿ ಬಂದರೆ ಅಥವಾ ಏನೂ ಬರದಿದ್ದರೆ ಹೊಸ ಪ್ಲಗ್ ಹಾಕಿ ಇದನ್ನೇ ಮತ್ತೆ ಮಾಡಿ. ಆಗಲೂ ಇಲ್ಲವೇ? ಕಾಯಿಲ್‌ಗೆ ಹೋಗುವ ಮುಂಚೆ ಸ್ವಿಚ್ ವೈರ್ ನೋಡಿ. ಈ ಮಿಷನ್‌ಗಳಲ್ಲಿ ಸ್ವಿಚ್ ಆಫ್ ಮಾಡುವುದು ಅಂದರೆ ಆ ವೈರನ್ನು ಮಿಷನ್ನಿನ ಲೋಹದ ಬಾಡಿಗೆ ತಾಗಿಸುವುದು. ವೈರಿನ ಮೇಲಿನ ಪ್ಲಾಸ್ಟಿಕ್ ಎಲ್ಲಾದರೂ ಸವೆದು, ಅಥವಾ ಇಲಿ ಕಡಿದು, ತಾಮ್ರ ಬಾಡಿಗೆ ತಾಗಿದರೆ ಮಿಷನ್ ಯಾವಾಗಲೂ ಆಫ್ ಆಗಿಯೇ ಇರುತ್ತದೆ. ಆ ವೈರನ್ನು ಕಾಯಿಲ್ ಕಡೆಯಿಂದ ಬಿಡಿಸಿ ಕಿಡಿ ಪರೀಕ್ಷೆ ಮಾಡಿ. ಕಿಡಿ ಬಂದರೆ ತಪ್ಪು ವೈರಿನದೋ ಸ್ವಿಚ್ಚಿನದೋ. ವೈರ್ ಬಿಡಿಸಿ ಹಾಗೆಯೇ ಕೆಲಸಕ್ಕೆ ಮಾತ್ರ ಹೋಗಬೇಡಿ, ಮಿಷನ್ ನಿಲ್ಲಿಸಲು ಆಗುವುದಿಲ್ಲ.

ವೈರ್ ಸರಿ ಇದ್ದರೆ ಸ್ಟಾರ್ಟರ್ ಕವರ್ ಬಿಚ್ಚಿ ಫ್ಲೈವೀಲ್ ನೋಡಿ. ಅದರ ಆಯಸ್ಕಾಂತ ಮತ್ತು ಕಾಯಿಲ್ ಕಾಲುಗಳಿಗೆ ತುಕ್ಕು ಹಿಡಿದಿದ್ದರೆ ಎಮರಿ ಪೇಪರಿನಲ್ಲಿ ಹಗುರಾಗಿ ಉಜ್ಜಿ. ಇವೆರಡರ ಮಧ್ಯೆ ಸುಮಾರು 0.3 ಎಂಎಂ ಜಾಗ ಇರಬೇಕು. ಒಂದು ವಿಸಿಟಿಂಗ್ ಕಾರ್ಡ್ ಮಧ್ಯೆ ಇಟ್ಟು ಕಾಯಿಲ್ ಸ್ಕ್ರೂ ಬಿಗಿ ಮಾಡಿ ಕಾರ್ಡ್ ಎಳೆದರೆ ಸಾಕು. ಇಷ್ಟಾದ ಮೇಲೂ ಕಿಡಿ ಇಲ್ಲ ಅಂದರೆ ಕಾಯಿಲ್ ಹೋಗಿದೆ.

ಒಂದು ಬೇರೆ ಲಕ್ಷಣ: ಹಗ್ಗ ಎಳೆದಾಗ ಅದು ಕೈಯಿಂದ ಕಿತ್ತುಕೊಂಡು ವಾಪಸ್ ಒಳಕ್ಕೆ ಹೊಡೆಯುತ್ತಿದ್ದರೆ ಫ್ಲೈವೀಲಿನ ಸಣ್ಣ ಕೀ ತುಂಡಾಗಿ ಟೈಮಿಂಗ್ ತಪ್ಪಿರಬಹುದು. ಕಿಡಿ ಬರುತ್ತದೆ, ಆದರೆ ಬರಬಾರದ ಹೊತ್ತಿಗೆ. ಹಗ್ಗ ಬಿಟ್ಟು ಮೆಕ್ಯಾನಿಕ್ ಹತ್ತಿರ ಹೋಗಿ.

## 7. ಪ್ಲಗ್ ಒಣಗಿದ್ದರೆ: ಪೆಟ್ರೋಲ್ ದಾರಿ

ಟ್ಯಾಂಕಿನಿಂದ ಶುರು ಮಾಡಿ. ಬಗ್ಗಿಸಿದ ತಂತಿಯನ್ನು ಪೆಟ್ರೋಲ್ ಟ್ಯಾಂಕಿನ ಬಾಯಿಯೊಳಗೆ ಬಿಟ್ಟು ಪೈಪ್ ಸಮೇತ ಫಿಲ್ಟರನ್ನು ಹೊರಗೆ ಎಳೆಯಿರಿ. ತಂತಿಯ ತುದಿ ಚೂಪಾಗಿದ್ದರೆ ಪೈಪ್ ತೂತಾಗುತ್ತದೆ, ಮೊದಲು ಮಡಚಿಕೊಳ್ಳಿ. ಫಿಲ್ಟರ್ ಕಪ್ಪಾಗಿ ಲೋಳೆ ಕಟ್ಟಿದ್ದರೆ ತೊಳೆದು ಹಾಕುವ ಗೋಜಿಗೆ ಹೋಗದೆ ಹೊಸದು ಹಾಕಿ. ಫಿಲ್ಟರ್ ತೆಗೆದು ಅದಿಲ್ಲದೆ ಓಡಿಸುವುದು ಇವತ್ತಿನ ಕೆಲಸ ಮುಗಿಸುತ್ತದೆ, ನಾಳೆ ಕಾರ್ಬೋರೇಟರ್ ಕೆಡಿಸುತ್ತದೆ.

ಪೈಪ್ ಅನ್ನು ಬೆರಳಲ್ಲಿ ಒತ್ತಿ ನೋಡಿ. ಗಟ್ಟಿಯಾಗಿ ಬಿರುಕು ಬಿಟ್ಟಿರಬಹುದು, ಇಲ್ಲವೇ ಎಥನಾಲಿಗೆ ಮೆತ್ತಗಾಗಿ ಅಂಟುತ್ತಿರಬಹುದು. ಹೆಚ್ಚಾಗಿ ಬಿರುಕು ಇರುವುದು ಪೈಪ್ ಟ್ಯಾಂಕಿನ ಗೋಡೆ ದಾಟುವ ಜಾಗದಲ್ಲಿ, ಕಣ್ಣಿಗೆ ಬೀಳದ ಕಡೆ. ಪ್ರೈಮರ್ ಬಲ್ಬ್ ಇರುವ ಮಿಷನ್ ಆದರೆ ಪತ್ತೆ ಸುಲಭ. ಒತ್ತಿದ ಬಲ್ಬ್ ಉಬ್ಬದೆ ಹಾಗೇ ತಗ್ಗಾಗಿ ನಿಂತರೆ ದಾರಿ ಕಟ್ಟಿದೆ. ಉಬ್ಬುತ್ತದೆ, ಆದರೆ ಬರೀ ಗಾಳಿ ಬರುತ್ತದೆ ಅಂದರೆ ಪೈಪ್ ಎಲ್ಲೋ ಬಿರುಕು ಬಿಟ್ಟಿದೆ.

ಇನ್ನೊಂದು, ಟ್ಯಾಂಕಿನ ಉಸಿರು ತೂತು. ಪೆಟ್ರೋಲ್ ಖಾಲಿಯಾದಷ್ಟೂ ಗಾಳಿ ಒಳಗೆ ಬರಬೇಕು. ಆ ತೂತು ಮರದ ಪುಡಿಯಿಂದ ಮುಚ್ಚಿದರೆ ಮಿಷನ್ ಸ್ಟಾರ್ಟ್ ಆಗಿ ಸ್ವಲ್ಪ ಓಡಿ ನಿಲ್ಲುತ್ತದೆ, ಆಮೇಲೆ ಸ್ಟಾರ್ಟ್ ಆಗುವುದಿಲ್ಲ, ಅರ್ಧ ಗಂಟೆ ಬಿಟ್ಟರೆ ಮತ್ತೆ ಆಗುತ್ತದೆ. ನಿಂತ ಕೂಡಲೇ ಮುಚ್ಚಳ ಮೆಲ್ಲಗೆ ಸಡಿಲಿಸಿ. ಗಾಳಿ ಒಳಕ್ಕೆ ಎಳೆದ ಸದ್ದು ಬಂದು, ಆಮೇಲೆ ಮಿಷನ್ ಸ್ಟಾರ್ಟ್ ಆದರೆ ಕಳ್ಳ ಸಿಕ್ಕಿದ.

## 8. ಗಾಳಿ ಒಳಗೆ, ಹೊಗೆ ಹೊರಗೆ

ಏರ್ ಫಿಲ್ಟರ್ ತೆಗೆಯುವ ಮುಂಚೆ ಚೋಕ್ ಮುಚ್ಚಿ, ಇಲ್ಲದಿದ್ದರೆ ಮೇಲಿನ ಪುಡಿಯೆಲ್ಲ ಕಾರ್ಬೋರೇಟರ್ ಒಳಗೆ ಬೀಳುತ್ತದೆ. ಸೋಪು ನೀರಲ್ಲಿ ತೊಳೆದು ಪೂರ್ತಿ ಒಣಗಿಸಿ ಹಾಕಿ. ವೈರ್ ಬ್ರಷ್ ತಾಗಿಸಬೇಡಿ.

ಸೈಲೆನ್ಸರನ್ನು ಮರೆಯುವವರೇ ಜಾಸ್ತಿ. ಅದರ ಬಾಯಲ್ಲಿ ಸಣ್ಣ ಜಾಲರಿ ಇರುತ್ತದೆ, ಬೆಂಕಿ ಕಿಡಿ ಹೊರಗೆ ಹೋಗದ ಹಾಗೆ ತಡೆಯಲು. ಆಯಿಲ್ ಜಾಸ್ತಿ ಹಾಕಿ ಓಡಿಸಿದ ಮಿಷನ್‌ನಲ್ಲಿ ಇದು ಕಾರ್ಬನ್ ಕಟ್ಟಿ ಪೂರ್ತಿ ಮುಚ್ಚಿರುತ್ತದೆ. ಬಿಚ್ಚಿ ವೈರ್ ಬ್ರಷ್‌ನಲ್ಲಿ ಉಜ್ಜಿ ವಾಪಸ್ ಹಾಕಿ. ಒಣಗಿದ ಎಲೆ ಬಿದ್ದಿರುವ ಬೇಸಿಗೆಯ ತೋಟದಲ್ಲಿ ಜಾಲರಿ ಇಲ್ಲದೆ ಓಡಿಸುವುದು ಅಪಾಯ. ಅಟ್ಟದ ಮೇಲೆ ಬಹಳ ದಿನ ಇಟ್ಟ ಮಿಷನ್ ಆದರೆ ಸೈಲೆನ್ಸರ್ ಬಾಯಿ, ಸ್ಟಾರ್ಟರ್ ಕವರಿನ ಸಂದುಗಳಲ್ಲಿ ಕಣಜದ ಹುಳು ಮಣ್ಣಿನ ಗೂಡು ಕಟ್ಟಿದೆಯಾ ಅಂತ ಟಾರ್ಚ್ ಹಾಕಿ ನೋಡಿ.

## 9. ಕಂಪ್ರೆಷನ್

ಪ್ಲಗ್ ಬಿಗಿಯಾಗಿ ಹಾಕಿ, ಸ್ವಿಚ್ ಆಫ್ ಮಾಡಿ. ನೆಲದಿಂದ ಸ್ವಲ್ಪವೇ ಮೇಲೆ, ಹಗ್ಗದ ಹಿಡಿಯನ್ನು ಹಿಡಿದು ಮಿಷನ್ನನ್ನು ನೇತಾಡಲು ಬಿಡಿ. ದೊಡ್ಡ ಮಿಷನ್‌ನಲ್ಲಿ ಡಿಕಂಪ್ರೆಷನ್ ಬಟನ್ (ಕಂಪ್ರೆಷನ್ ಕಮ್ಮಿ ಮಾಡಿ ಹಗ್ಗ ಹಗುರ ಮಾಡುವುದು) ಇದ್ದರೆ ಅದು ಒತ್ತಿರಬಾರದು. ತನ್ನ ಭಾರಕ್ಕೆ ಮಿಷನ್ ತಡೆದು ತಡೆದು ಮೆಲ್ಲಗೆ ಇಳಿದರೆ ಕಂಪ್ರೆಷನ್ ಪರವಾಗಿಲ್ಲ. ತಡೆಯೇ ಇಲ್ಲದೆ ಸರ್ರನೆ ಇಳಿದರೆ ಬೋರ್, ಪಿಸ್ಟನ್, ರಿಂಗ್ ಸವೆದಿವೆ. ಗೇಜ್ ಇರುವ ಮೆಕ್ಯಾನಿಕ್ ಹತ್ತಿರ ಅಳತೆ ಮಾಡಿಸಿದರೆ ಒಳ್ಳೆ ಮಿಷನ್ ಸಾಮಾನ್ಯವಾಗಿ 120ರಿಂದ 150 ಪಿಎಸ್‌ಐ ತೋರಿಸುತ್ತದೆ. 90ಕ್ಕಿಂತ ಕೆಳಗಿದ್ದರೆ ಸ್ಟಾರ್ಟ್ ಆಗುವುದು ಕಷ್ಟ.

ಸೈಲೆನ್ಸರ್ ಬಿಚ್ಚಿದರೆ ಪಿಸ್ಟನ್ ಕಣ್ಣಿಗೇ ಕಾಣುತ್ತದೆ. ಹಗ್ಗ ಮೆಲ್ಲಗೆ ಎಳೆಯುತ್ತಾ ಟಾರ್ಚ್ ಬಿಟ್ಟು ನೋಡಿ. ನುಣ್ಣಗೆ ಇದ್ದರೆ ಸರಿ. ಉದ್ದುದ್ದ ಗೀರು ಬಿದ್ದಿದ್ದರೆ ಆಯಿಲ್ ಇಲ್ಲದೆಯೋ ಕಮ್ಮಿಯಾಗಿಯೋ ಓಡಿದೆ ಅಂತ ಅರ್ಥ. ಇಲ್ಲಿಗೆ ನಿಮ್ಮ ಕೆಲಸ ನಿಲ್ಲಿಸಿ. ಇನ್ನು ಪ್ಲಗ್, ಕಾರ್ಬೋರೇಟರ್ ಅಂತ ದುಡ್ಡು ಹಾಕುವುದು ದಂಡ.

## 10. ಕೊನೆಗೆ ಕಾರ್ಬೋರೇಟರ್

ಮೇಲಿನದೆಲ್ಲ ಸರಿ ಇದ್ದು, ಪೆಟ್ರೋಲ್ ಮಾತ್ರ ಬರುತ್ತಿಲ್ಲ ಅಥವಾ ನಿಲ್ಲುತ್ತಿಲ್ಲ ಅಂದರೆ ಮಾತ್ರ ಇದಕ್ಕೆ ಕೈ ಹಾಕಿ. ಪ್ರತಿ ತುಂಡು ತೆಗೆಯುವ ಮುಂಚೆ ಮೊಬೈಲ್‌ನಲ್ಲಿ ಫೋಟೋ ತೆಗೆಯಿರಿ. ಕೆಳಗೆ ಬಿಳಿ ಬಟ್ಟೆ ಹಾಸಿಕೊಳ್ಳಿ, ಸೂಜಿ, ಸ್ಪ್ರಿಂಗು ಅಕ್ಕಿ ಕಾಳಿನಷ್ಟೇ ಇರುತ್ತವೆ.

ಒಂದು ಬದಿಯ ಮುಚ್ಚಳದಲ್ಲಿ ಸಣ್ಣ ತೂತಿರುತ್ತದೆ. ಅದರ ಕೆಳಗಿರುವುದು ಪೆಟ್ರೋಲ್ ಅಳೆದು ಬಿಡುವ ಡಯಾಫ್ರಾಮ್, ಅಂದರೆ ತೆಳು ಪೊರೆ. ಅದು ಮೆತ್ತಗೆ ಬಾಗಬೇಕು. ಒಣಗಿದ ಹಪ್ಪಳದ ಥರ ಕಟಕಟ ಅಂದರೆ ಅದೇ ನಿಮ್ಮ ರೋಗ. ಇನ್ನೊಂದು ಬದಿಯಲ್ಲಿ ಪಂಪ್ ಡಯಾಫ್ರಾಮ್ ಮತ್ತು ಅದರ ಕೆಳಗೆ ಕಸ ಹಿಡಿಯುವ ಸಣ್ಣ ಜಾಲರಿ ಇರುತ್ತವೆ. ನಿಮ್ಮ ಕಾರ್ಬೋರೇಟರ್ ನಂಬರ್ ಹೇಳಿದರೆ ಎರಡೂ ಡಯಾಫ್ರಾಮ್, ಗ್ಯಾಸ್ಕೆಟ್, ಸೂಜಿ ಇರುವ ಕಿಟ್ ಸಿಗುತ್ತದೆ.

ವಾಪಸ್ ಜೋಡಿಸುವಾಗ ಎಲ್ಲರೂ ತಪ್ಪುವುದು ಇಲ್ಲಿ. ತೂತಿನ ಮುಚ್ಚಳದ ಬದಿಯಲ್ಲಿ ಸಾಮಾನ್ಯವಾಗಿ ಬಾಡಿ ಮೇಲೆ ಮೊದಲು ಗ್ಯಾಸ್ಕೆಟ್, ಆಮೇಲೆ ಡಯಾಫ್ರಾಮ್. ಪಂಪ್ ಬದಿಯಲ್ಲಿ ಇದಕ್ಕೆ ಉಲ್ಟಾ: ಮೊದಲು ಡಯಾಫ್ರಾಮ್, ಆಮೇಲೆ ಗ್ಯಾಸ್ಕೆಟ್. ಅದಲು ಬದಲಾದರೆ ಎಲ್ಲ ಹೊಸದಿದ್ದರೂ ಮಿಷನ್ ಮಾತಾಡುವುದಿಲ್ಲ. ತೂತುಗಳಿಗೆ ತಂತಿ ಚುಚ್ಚಬೇಡಿ, ಕಾರ್ಬೋರೇಟರ್ ಕ್ಲೀನರ್ ಸ್ಪ್ರೇ ಸಾಕು. ಡಯಾಫ್ರಾಮ್ ಒಳಗೆ ಇರುವಾಗ ಕಂಪ್ರೆಸರ್ ಗಾಳಿ ಹೊಡೆದರೆ ಅದು ಹರಿಯುತ್ತದೆ.

ಇನ್ನು ಆ ಎಲ್ (ಕಮ್ಮಿ ವೇಗಕ್ಕೆ) ಮತ್ತು ಎಚ್ (ಜಾಸ್ತಿ ವೇಗಕ್ಕೆ) ಪೆಟ್ರೋಲ್ ಹೊಂದಿಸುವ ಸ್ಕ್ರೂಗಳು. ತಿರುಗಿಸುವ ಮುಂಚೆ, ಹಗುರಾಗಿ ಒಳಕ್ಕೆ ಎಷ್ಟು ಸುತ್ತು ಹೋಗುತ್ತದೆ ಅಂತ ಎಣಿಸಿ ಬರೆದಿಟ್ಟುಕೊಳ್ಳಿ. ತಳ ಮುಟ್ಟಿದ ಮೇಲೆ ಬಿಗಿ ಮಾಡಬೇಡಿ, ಸ್ಕ್ರೂ ತುದಿ ಹಾಳಾಗುತ್ತದೆ. ಆಗಲೇ ತಿರುಗಿಸಿ ಲೆಕ್ಕ ತಪ್ಪಿದ್ದರೆ, ಎಷ್ಟೋ ಮಾಡೆಲ್‌ಗಳಲ್ಲಿ ಎರಡನ್ನೂ ತಳದಿಂದ ಒಂದೊಂದು ಸುತ್ತು ಹೊರಗೆ ತಂದರೆ ಸ್ಟಾರ್ಟ್ ಆಗುವ ಮಟ್ಟಕ್ಕೆ ಬರುತ್ತದೆ. ನಿಮ್ಮ ಮಾಡೆಲಿನ ಅಳತೆ ಮ್ಯಾನುಯಲ್‌ನಲ್ಲಿ ನೋಡಿ. ಎಚ್ ಸ್ಕ್ರೂ ಒಳಕ್ಕೆ ಹೋದಷ್ಟೂ ಮಿಷನ್ ಚುರುಕಾಗಿ ಕಿರುಚುತ್ತದೆ, ಕೇಳಲು ಚೆನ್ನಾಗಿರುತ್ತದೆ. ಆದರೆ ಒಳಕ್ಕೆ ಹೋದಷ್ಟೂ ಪೆಟ್ರೋಲ್ ಕಮ್ಮಿ. ಪೆಟ್ರೋಲ್ ಕಮ್ಮಿಯಾದಾಗ ಅದರ ಜೊತೆ ಬರುವ ಆಯಿಲೂ ಕಮ್ಮಿಯಾಗುತ್ತದೆ, ಸೀಜ್ ಆಗುವುದು ಹೀಗೇ.

## 11. ಬಿಸಿಯಾದಾಗ ಮಾತ್ರ ಕೈಕೊಟ್ಟರೆ

ಬೆಳಿಗ್ಗೆ ಒಂದೇ ಎಳೆತಕ್ಕೆ ಸ್ಟಾರ್ಟ್, ಕೆಲಸ ಮಾಡಿ ಟೀ ಕುಡಿಯಲು ಹೋಗಿ ಬಂದರೆ ಇಲ್ಲ. ಮೊದಲ ಕಾರಣ, ಬಿಸಿ ಮಿಷನ್‌ಗೆ ಚೋಕ್ ಹಾಕಿರುತ್ತೀರಿ. ಬಿಸಿ ಇದ್ದಾಗ ಚೋಕ್ ಬೇಡ. ಚೋಕ್ ಹಾಕದೆಯೂ ಆಗದಿದ್ದರೆ, ಅದೇ ಬಿಸಿಯಲ್ಲೇ ಹಂತ 6ರ ಕಿಡಿ ಪರೀಕ್ಷೆ ಮಾಡಿ. ತಣ್ಣಗಿದ್ದಾಗ ಕಿಡಿ ಕೊಟ್ಟು ಬಿಸಿಯಾದಾಗ ಸಾಯುವ ಕಾಯಿಲ್ ಇದೆ. ಆರಿದ ಮೇಲೆ ಅಂಗಡಿಗೆ ತಗೊಂಡು ಹೋದರೆ ಅಲ್ಲಿ ಸರಿಯಾಗಿ ಓಡುತ್ತದೆ, ಮೆಕ್ಯಾನಿಕ್ ನಿಮ್ಮನ್ನೇ ನೋಡಿ ನಗುತ್ತಾನೆ. ಅದಕ್ಕೇ ಬಿಸಿಯಲ್ಲಿ ಕಿಡಿ ಇರಲಿಲ್ಲ ಅಂತ ಸ್ಪಷ್ಟವಾಗಿ ಹೇಳಬೇಕು. ಪರೀಕ್ಷೆ ಮಾಡುವಾಗ ಸೈಲೆನ್ಸರ್ ಬಿಸಿ ಇರುತ್ತದೆ, ಪೆಟ್ರೋಲ್ ಹತ್ತಿರ ಸುಳಿಯಬಾರದು.

## 12. ಅಂಗಡಿಗೆ ಒಯ್ಯುವುದಾದರೆ

"ಸ್ಟಾರ್ಟ್ ಆಗ್ತಿಲ್ಲ" ಅಂತ ಇಟ್ಟು ಬಂದರೆ ಏನೇನು ಬದಲಾಯಿಸುತ್ತಾರೋ ಗೊತ್ತಾಗುವುದಿಲ್ಲ. ಪ್ಲಗ್ ಒದ್ದೆಯೋ ಒಣವೋ, ಕಿಡಿ ಇದೆಯೋ ಇಲ್ಲವೋ, ಹಗ್ಗದಲ್ಲಿ ನೇತುಹಾಕಿದಾಗ ಹೇಗೆ ಇಳಿಯಿತು, ಸ್ಕ್ರೂ ಮುಟ್ಟಿದ್ದೀರೋ ಇಲ್ಲವೋ, ಇಷ್ಟು ಹೇಳಿ. ಹಳೆ ಪಾರ್ಟ್ ವಾಪಸ್ ಕೊಡಿ ಅಂತ ಮೊದಲೇ ಕೇಳಿ.

ರಿಪೇರಿ ಆಗಿ ಬಂದ ಮಿಷನ್ನನ್ನು ಈ ಮಳೆಗಾಲಕ್ಕೆ ಎತ್ತಿಡುವ ದಿನ ಟ್ಯಾಂಕ್ ಖಾಲಿ ಮಾಡಿ, ಸ್ಟಾರ್ಟ್ ಮಾಡಿ, ತಾನಾಗಿ ನಿಲ್ಲುವ ತನಕ ಐಡಲ್‌ನಲ್ಲಿ ಓಡಲು ಬಿಡಿ. ಪ್ಲಗ್ ಬಿಚ್ಚಿ ನಾಲ್ಕು ಹನಿ ಟು-ಟಿ ಆಯಿಲ್ ಬಿಟ್ಟು ಹಗ್ಗ ಎರಡು ಸಲ ಮೆಲ್ಲಗೆ ಎಳೆದು ಪ್ಲಗ್ ಹಾಕಿ. ಗೊಬ್ಬರದ ಮೂಟೆ ಇಡುವ ಕೋಣೆಯಲ್ಲಿ ಇಡಬೇಡಿ, ಅಲ್ಲಿ ತುಕ್ಕು ಬೇಗ ಹಿಡಿಯುತ್ತದೆ.